ಹಂದಿ ಗೊಬ್ಬರದ ಸಾರಜನಕ, ನನ್ನ ಹೊಟ್ಟೆಕಿಚ್ಚು

ಪ್ರಯೋಗಾಲಯದ ಹೊಸ ವಿಜ್ಞಾನಿ ನನ್ನ ಹದಿನಾಲ್ಕು ರಿಜಿಸ್ಟರುಗಳನ್ನು ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ನಾನಿನ್ನೂ ಊಟದ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟಿರಲಿಲ್ಲ.

“ಅಕ್ಕಾ, ಹಳೇ ರಿಜಿಸ್ಟರ್ ಎಲ್ಲಾ ನಿಮ್ಮ ಹತ್ರ ಅದಾವಂತಲ್ರಿ. ಕೊಡ್ರಿ, ಕಂಪ್ಯೂಟರ್‌ಗೆ ಏರಿಸಿಬಿಡ್ತೀನಿ. ಜಲ್ದಿ ವಾಪಸ್ ಕೊಡ್ತೀನ್ರಿ.”

ಕೊಟ್ಟೆ. ಕೊಡದಿರಲು ಕಾರಣವಿರಲಿಲ್ಲ. ಅವು ಪ್ರಯೋಗಾಲಯದ ಆಸ್ತಿ, ನನ್ನವಲ್ಲ. ಆದರೂ ವರ್ಷಕ್ಕೊಂದರಂತೆ ಹದಿನಾಲ್ಕಕ್ಕೂ ಕಂದು ಕಾಗದದ ಹೊದಿಕೆ ಹಾಕಿದವಳು ನಾನು. ಅವನ್ನು ಎದೆಗವಚಿಕೊಂಡು ಆಕೆ ತನ್ನ ಮೇಜಿನತ್ತ ಹೋದಾಗ, ನನ್ನ ಕಪಾಟಿನ ನಡುವಿನ ಅರೆ ಖಾಲಿಯಾಗಿ ಕಂಡಿತು. ಊಟದ ಡಬ್ಬಿಯನ್ನು ಅಲ್ಲೇ ಇಟ್ಟೆ.

ಹೊಸಪೇಟೆಯ ನಮ್ಮ ಪ್ರಯೋಗಾಲಯದಲ್ಲಿ ಮಣ್ಣು, ನೀರು, ಗೊಬ್ಬರ ಪರೀಕ್ಷೆ ಮಾಡುತ್ತೇವೆ. ನಾನು ಅಲ್ಲಿ ತಾಂತ್ರಿಕ ಸಹಾಯಕಿ. ಮೂರು ತಿಂಗಳಿಗೊಮ್ಮೆ ನಾಲ್ಕು ಹಂದಿ ಸಾಕಣೆ ಶೆಡ್ಡುಗಳಿಗೆ ಹೋಗಿ, ಸಂಸ್ಕರಿಸಿದ ಗೊಬ್ಬರದ ನೀರನ್ನು ಬಾಟಲಿಯಲ್ಲಿ ತಂದು, ಅದರಲ್ಲಿ ಸಾರಜನಕ ಎಷ್ಟಿದೆ ಎಂದು ಅಳೆಯುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದು. ಒಂದು ಶೆಡ್ಡು ಸಂಡೂರಿನ ಕಡೆ, ಒಂದು ಪಾಪಿನಾಯಕನಹಳ್ಳಿಯಲ್ಲಿ, ಒಂದು ಕಡ್ಡಿರಾಂಪುರದ ಹತ್ತಿರ, ಕೊನೆಯದು ಕಂಪ್ಲಿಯ ಆಚೆ. ನಾಲ್ಕೂ ಕಡೆ ವ್ಯವಸ್ಥೆ ಒಂದೇ. ಹಂದಿಯ ಸಗಣಿ ಮತ್ತು ಶೆಡ್ಡು ತೊಳೆದ ನೀರು ಮೊದಲು ಒಂದು ಗುಂಡಿಯಲ್ಲಿ ತಿಳಿಯಾಗುತ್ತದೆ, ನಂತರ ಮುಚ್ಚಿದ ತೊಟ್ಟಿಯಲ್ಲಿ ಕೊಳೆತು ಗ್ಯಾಸ್ ಬಿಡುತ್ತದೆ, ಕೊನೆಗೆ ಹೊರಗುಂಡಿಗೆ ಬರುತ್ತದೆ. ಆ ಕಪ್ಪು ನೀರನ್ನು ಸುತ್ತಲಿನವರು ಬಾಳೆಗೆ, ಕಬ್ಬಿಗೆ, ಭತ್ತಕ್ಕೆ ಬಿಡುತ್ತಾರೆ. ಸಾರಜನಕ ಕಡಿಮೆಯಾದರೆ ಬೆಳೆ ಹಳದಿಯಾಗುತ್ತದೆ. ಹೆಚ್ಚಾದರೆ ಕಪ್ಪು ಹಸಿರಾಗಿ ಸೊಕ್ಕಿ ಬೆಳೆದು ನೆಲಕ್ಕೆ ಮಲಗುತ್ತದೆ. ಎಷ್ಟು ಬಿಡಬೇಕೆಂದು ರೈತರಿಗೆ ನಾವು ಹೇಳುವ ಪ್ರಮಾಣವೆಲ್ಲ ನನ್ನ ರಿಜಿಸ್ಟರಿನ ಮೊದಲ ವರ್ಷಗಳ ಅಂಕಿಗಳ ಮೇಲೆ ನಿಂತಿತ್ತು.

ಆಕೆ ಬಂದು ಎರಡು ತಿಂಗಳಾಗಿತ್ತು. ಡಾಕ್ಟರೇಟ್ ಮಾಡಿದವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನದ ಮಗಳು. ಆ ಕಡೆಯ ರೈತರೆಲ್ಲ ಆಕೆಯ ಅಜ್ಜನ ಹೆಸರು ಹೇಳಿ ಮಾತನಾಡಿಸುತ್ತಿದ್ದರು. ಸೊಕ್ಕಿರಲಿಲ್ಲ. ಅದೇ ನನಗೆ ತೊಂದರೆಯಾಗಿದ್ದು. ಸೊಕ್ಕಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಆಕೆ ಎಲ್ಲರನ್ನೂ ಬಹುವಚನದಲ್ಲಿ ಕರೆಯುತ್ತಿದ್ದಳು, ಗಾಜಿನ ಸಾಮಾನು ತಾನೇ ತೊಳೆಯುತ್ತಿದ್ದಳು. ನಮ್ಮ ಜೀಪಿನ ಡ್ರೈವರಣ್ಣ ಹನ್ನೊಂದಕ್ಕೆ ಚಹಾ ತರಲು ಹೋಗುವಾಗ ಆಕೆಯ ಮೇಜಿನ ಹತ್ತಿರ ನಿಂತು, “ಮೇಡಂ, ನಿಮಗ ಸಕ್ರಿ ಕಮ್ಮಿ ಅಲ್ರಿ?” ಎಂದು ಕೇಳುತ್ತಿದ್ದ. ನನಗೂ ಸಕ್ಕರೆ ಕಡಿಮೆಯೇ ಬೇಕು. ಇಷ್ಟು ವರ್ಷದಲ್ಲಿ ಆತ ಒಮ್ಮೆಯೂ ಕೇಳಿರಲಿಲ್ಲ.

ಗಣೇಶನ ಹಬ್ಬ ಮುಗಿದ ವಾರ ಮುಖ್ಯಸ್ಥರು ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆದರು. ಗೋಡೆಯ ಮೇಲೆ ಆಕೆಯ ಗ್ರಾಫ್ ಮೂಡಿತು. ನಾಲ್ಕು ಊರಿಗೆ ನಾಲ್ಕು ಬಣ್ಣದ ಗೆರೆ. ಮೊದಲ ಏಳು ವರ್ಷ ನಾಲ್ಕೂ ಗೆರೆಗಳು ಸಣ್ಣಪುಟ್ಟ ಏರಿಳಿತದೊಡನೆ ಹೆಚ್ಚುಕಡಿಮೆ ಮಟ್ಟಸವಾಗಿದ್ದವು. ಅಲ್ಲಿಂದ ನಾಲ್ಕೂ ಕೆಳಗೆ ಬಾಗಿದ್ದವು. ಸಂಡೂರಿನದು ಎಲ್ಲಕ್ಕಿಂತ ಹೆಚ್ಚು ಬಾಗಿತ್ತು, ನಂತರ ಪಾಪಿನಾಯಕನಹಳ್ಳಿಯದು, ನಂತರ ಕಡ್ಡಿರಾಂಪುರದ್ದು. ಕಂಪ್ಲಿಯದು ಸ್ವಲ್ಪವೇ ಇಳಿದಿತ್ತು.

“ಇಡೀ ಪ್ರದೇಶದಾಗ ಗೊಬ್ಬರದ ನೀರಿನ ಸತ್ವ ಕಡಿಮಿ ಆಗ್ಯಾದ್ರಿ ಸರ್,” ಎಂದಳು ಆಕೆ. “ತೊಟ್ಟಿಗಳು ಹಳೇವಾಗ್ಯಾವ, ಕೆಸರು ತಳದಾಗ ಉಳೀತೈತಿ ಅನ್ನಿಸ್ತದ. ಸಂಡೂರು ಕಡಿ ಯಾಕ ಜಾಸ್ತಿ ಇಳದೈತಿ ಅನ್ನೋದು ಇನ್ನೂ ಖಾತ್ರಿ ಇಲ್ಲ. ಅದನ್ನ ನೋಡಬೇಕು.”

ಮುಖ್ಯಸ್ಥರು ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವರ ಮುಖ ಅರಳಿತ್ತು. “ಹದಿನಾಲ್ಕು ವರ್ಷ ಈ ರಿಜಿಸ್ಟರು ಕಪಾಟಿನ್ಯಾಗ ಸುಮ್ನ ಕುಂತಿದ್ವು. ಮೇಡಂ ಕೈಗೆ ತಗೊಂಡು ಮೂರು ವಾರದಾಗ ಮಾತಾಡಿಸಿದ್ರು ನೋಡ್ರಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಮ್ಮನೆ ಕುಳಿತಿದ್ದವಂತೆ. ಆ ಒಂದೊಂದು ಅಂಕಿಗೂ ನಾನು ಮಾದರಿ ತೂಗಿ, ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿ, ಅದು ಕಪ್ಪು ಬಣ್ಣ ಕಳೆದುಕೊಂಡು ತಿಳಿ ಹಸಿರಾಗುವವರೆಗೆ ಕಾದಿದ್ದೆ. ಕ್ಷಾರ ಹಾಕಿ ಬಟ್ಟಿ ಇಳಿಸಿ, ಹಾರಿ ಬಂದ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಹಿಡಿದು, ಕೊನೆಗೆ ಬ್ಯುರೆಟ್ಟಿನ ಗಾಜು ಕೊಳವೆಯಿಂದ ಒಂದೊಂದೇ ಹನಿ ಬಿಡುತ್ತ ಹಸಿರು ಗುಲಾಬಿಗೆ ತಿರುಗುವ ಗಳಿಗೆಗಾಗಿ ಕಣ್ಣು ಕೀಲಿಸಿ ಕುಳಿತಿದ್ದೆ. ಆ ಗುಲಾಬಿಯನ್ನು ನನ್ನಷ್ಟು ಸರಿಯಾಗಿ ಹಿಡಿಯುವವರು ಪ್ರಯೋಗಾಲಯದಲ್ಲಿ ಇರಲಿಲ್ಲ. ಗ್ರಾಫಿನ ಕೆಳಗಿದ್ದ ಹೆಸರು ಆಕೆಯದು.

ಮುಖ್ಯಸ್ಥರು ಅಲ್ಲೇ ತೀರ್ಮಾನಿಸಿದರು. ಸತ್ವ ಕಡಿಮೆಯಾಗಿದ್ದರೆ ರೈತರು ಬಿಡುವ ಪ್ರಮಾಣ ಹೆಚ್ಚಬೇಕು. ದೀಪಾವಳಿಗೆ ಮೊದಲು ಕಂಪ್ಲಿಯಲ್ಲಿ ರೈತರ ಸಭೆ ಕರೆದು ಹೇಳುವುದು, ಕರಪತ್ರ ಹಂಚುವುದು. ಭಾಷಣ ಆಕೆಯದು. ಬಾಟಲಿ, ಬ್ಯಾನರು, ಕುರ್ಚಿಯ ವ್ಯವಸ್ಥೆ ನನ್ನದು.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಆ ಗ್ರಾಫಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಕುಳಿತೆ. ತಪ್ಪು ಹುಡುಕಲೆಂದೇ ಕುಳಿತೆ, ಸುಳ್ಳೇಕೆ ಹೇಳಲಿ. ಯಾವುದೋ ಒಂದು ಅಂಕಿ ಆಚೀಚೆ ಬರೆದಿದ್ದರೆ ಸಾಕಿತ್ತು. ಮುಖ್ಯಸ್ಥರ ಎದುರು ಮೆಲ್ಲಗೆ ಎತ್ತಿ ತೋರಿಸುತ್ತಿದ್ದೆ. ಐವತ್ತಾರು ಸರದಿಯ ಅಂಕಿಗಳನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ.

ಆಗ ಗೆರೆಗಳ ಕ್ರಮದ ಮೇಲೆ ಕಣ್ಣು ನಿಂತಿತು. ಸಂಡೂರು, ಪಾಪಿನಾಯಕನಹಳ್ಳಿ, ಕಡ್ಡಿರಾಂಪುರ, ಕಂಪ್ಲಿ. ಇಳಿತದ ಈ ಕ್ರಮವೇ ನಮ್ಮ ಜೀಪಿನ ದಾರಿ. ಬೆಳಿಗ್ಗೆ ಮೊದಲು ಸಂಡೂರು, ಮಧ್ಯಾಹ್ನ ಕಳೆದ ಮೇಲೆ ಕೊನೆಗೆ ಕಂಪ್ಲಿ, ಸಂಜೆಗೆ ವಾಪಸ್. ಹೆಚ್ಚು ಹೊತ್ತು ಜೀಪಿನಲ್ಲಿ ಕಾದ ಬಾಟಲಿಯಲ್ಲಿ ಹೆಚ್ಚು ಇಳಿತ.

ಗ್ರಾಫನ್ನು ಹತ್ತಿರಕ್ಕೆ ಎಳೆದುಕೊಂಡೆ. ಗೆರೆ ಬಾಗಿದ ಎಂಟನೇ ವರ್ಷದಲ್ಲಿ ಏನಾಗಿತ್ತೆಂದು ನನಗೆ ಚೆನ್ನಾಗಿ ನೆನಪಿತ್ತು.

ಅದಕ್ಕೂ ಮೊದಲು, ಮಾದರಿ ತುಂಬಿದ ಕೂಡಲೇ ಪ್ರತಿ ಬಾಟಲಿಗೆ ಗಂಧಕಾಮ್ಲದ ಕೆಲವು ಹನಿ ಹಾಕುತ್ತಿದ್ದೆ. ಬುಸ್ಸೆಂದು ನೊರೆ ಉಕ್ಕಿ ಇಳಿದ ಮೇಲೆ ಮುಚ್ಚಳ ಬಿಗಿಯುತ್ತಿದ್ದೆ. ಆಮ್ಲವಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರುವುದಿಲ್ಲ, ನೀರು ಕೊಳೆಯುವುದೂ ನಿಲ್ಲುತ್ತದೆ. ಆ ವರ್ಷ ಸಂಡೂರು ಘಾಟಿನ ತಿರುವಿನಲ್ಲಿ ಅದಿರು ಲಾರಿಯೊಂದು ಎದುರಿಗೆ ನುಗ್ಗಿ, ನಮ್ಮ ಜೀಪು ಗಕ್ಕನೆ ನಿಂತು, ಆಮ್ಲದ ಶೀಷೆ ಉರುಳಿ ಒಡೆಯಿತು. ಸೀಟು ಸುಟ್ಟಿತು, ಆಗಿದ್ದ ಡ್ರೈವರನ ಹಿಮ್ಮಡಿಯೂ ಸುಟ್ಟಿತು. ಅಂದಿನ ಮುಖ್ಯಸ್ಥರು, ಇನ್ನು ಮುಂದೆ ಜೀಪಿನಲ್ಲಿ ಆಮ್ಲ ಬೇಡ ಎಂದುಬಿಟ್ಟರು. ಆಮ್ಲವಿಲ್ಲದ ಬಾಟಲಿಯೊಳಗೆ ಗ್ಯಾಸ್ ಏಳತೊಡಗಿತು. ಒಂದು ಸಲ ಮುಚ್ಚಳ ಸಿಡಿದು ಜೀಪಿನ ತುಂಬ ಹಂದಿಗೊಬ್ಬರ ಚಿಮ್ಮಿತು. ಅಂದಿನಿಂದ ನಾನು ಮುಚ್ಚಳಗಳನ್ನು ಅರ್ಧ ಸುತ್ತು ಸಡಿಲ ಬಿಡುತ್ತಿದ್ದೆ. ಐಸ್ ಇಡುವುದೂ ಬರಬರುತ್ತ ನಿಂತಿತು. ಇದಾವುದನ್ನೂ ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ಬರೆಯಲು ಅಲ್ಲಿ ಅಂಕಣವಿರಲಿಲ್ಲ. ನಾನು ಗೆರೆ ಎಳೆದು ಮಾಡಿಕೊಳ್ಳಲೂ ಇಲ್ಲ.

ಗೊಬ್ಬರದ ಸತ್ವ ಇಳಿದಿರಲಿಲ್ಲ. ಏಳು ವರ್ಷ ಅದು ನನ್ನ ಸಡಿಲ ಮುಚ್ಚಳದಿಂದ ಹಾರಿಹೋಗಿತ್ತು.

ಮೊದಲು ನನಗಾದದ್ದು ಸಂತೋಷ. ಆಕೆಯ ಗ್ರಾಫ್ ಸುಳ್ಳು! ಆಮೇಲೆ ತಿಳಿಯಿತು, ಸುಳ್ಳಾದದ್ದು ನನ್ನಿಂದ. ಆದರೆ ನಾನು ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಆಕೆ ಸಭೆಯಲ್ಲಿ ಮಾತನಾಡಲಿ, ವರದಿ ಬರೆಯಲಿ, ಎಂದೋ ಒಂದು ದಿನ ಬೇರೆ ಯಾರೋ ಅಳೆದು ಇದು ತಪ್ಪೆನ್ನಲಿ. ಹೆಸರು ಆಕೆಯದಲ್ಲವೇ ಇರುವುದು? ನಾನು ಕುರ್ಚಿ ಹಾಕಿಸುವವಳು. ಹೀಗೆಲ್ಲ ಯೋಚಿಸಿ, ಗ್ರಾಫನ್ನು ಮಡಚಿ, ಊಟದ ಡಬ್ಬಿ ತೆರೆದೆ. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅಂದು ನಾನು ಹೊಟ್ಟೆತುಂಬ ಉಂಡೆ.

ಎರಡು ದಿನ ಕಳೆದು ಆಕೆಯೇ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

“ಅಕ್ಕಾ, ನನಗೊಂದು ಸಮಾಧಾನ ಇಲ್ರಿ. ನಾಕೂ ಊರಾಗ ಒಂದ ವರ್ಷ ಹೆಂಗ ಇಳೀತಾದ? ಆ ವರ್ಷ ಏನರ ಬದಲಾಗಿತ್ತೇನ್ರಿ? ಮಷೀನು, ಕೆಮಿಕಲ್ಲು, ಏನರ?”

“ಲ್ಯಾಬಿನ್ಯಾಗ ಏನೂ ಇಲ್ರಿ ಮೇಡಂ,” ಎಂದೆ. “ಅದ ಮಷೀನು, ಅದ ಕೆಮಿಕಲ್ಲು.”

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಾಗಿಯೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಆಕೆ ನನ್ನನ್ನು ನಂಬಿ ತಲೆಯಾಡಿಸಿ ಎದ್ದು ಹೋದಳು.

ಅಲ್ಲಿಂದ ಇಪ್ಪತ್ತು ದಿನ ನಾನು ಆಕೆಯನ್ನೇ ನೋಡುತ್ತ ಕಳೆದೆ. ಕರಪತ್ರದ ಕರಡು ತಿದ್ದುವಾಗ ಪೆನ್ನಿನ ತುದಿ ಕಚ್ಚುವುದು, ಫೋನಿನಲ್ಲಿ ರೈತರೊಡನೆ ಮಾತನಾಡುವಾಗ ಕಂಪ್ಲಿಯ ರಾಗ ಬರುವುದು, ನೀಲಿ ಸೀರೆಯ ದಿನ ಮುಖ್ಯಸ್ಥರು ಕೋಣೆಯಿಂದ ಹೊರಬಂದು ತಾವೇ ಮಾತನಾಡಿಸುವುದು. ಎಲ್ಲವನ್ನೂ ಎಣಿಸಿಟ್ಟೆ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಗಂಡ, “ದಿನಾ ಅಕಿ ಸುದ್ದೀನ ಆತಲ್ಲ, ಬ್ಯಾರೆ ಏನೂ ಇಲ್ಲೇನು ನಿನ್ನ ಆಫೀಸಿನ್ಯಾಗ?” ಎಂದರು. ಅಂದಿನಿಂದ ಮನೆಯಲ್ಲಿ ಹೇಳುವುದನ್ನು ಬಿಟ್ಟೆ, ಎಣಿಸುವುದನ್ನು ಬಿಡಲಿಲ್ಲ.

ಮೂರು ತಿಂಗಳ ಸರದಿ ಬಂತು. ಡ್ರೈವರಣ್ಣನೊಡನೆ ಎಂದಿನ ದಾರಿಯಲ್ಲಿ ಹೊರಟೆ. ಸಂಡೂರಿನಲ್ಲಿ ಎಂದಿನಂತೆ ಬಾಟಲಿ ತುಂಬಿ, ಮುಚ್ಚಳಕ್ಕೆ ಕೈ ಹಾಕಿದಾಗ ಮಾತ್ರ ಬೆರಳು ತಡೆಯಿತು. ಬಿಗಿದರೆ ಇಷ್ಟು ದಿನದ್ದನ್ನು ಒಪ್ಪಿಕೊಂಡಂತೆ. ಸಡಿಲ ಬಿಟ್ಟೆ.

ಕಂಪ್ಲಿ ತಲುಪಿದಾಗ ಮೂರು ಗಂಟೆ ದಾಟಿತ್ತು. ಶೆಡ್ಡಿನ ಪಕ್ಕದ ಗದ್ದೆ ಒಬ್ಬ ಹಿರಿಯ ಹೆಂಗಸಿನದು. ಅರವತ್ತು ದಾಟಿದ, ಗಟ್ಟಿ ದನಿಯ ಆಯಮ್ಮ ಮಕ್ಕಳಿಗೆ ಬಿಡದೆ ಬೇಸಾಯವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ನಾನು ಹೋದಾಗಲೆಲ್ಲ ಬದುವಿನ ಮೇಲೆ ನಿಂತು ಮಾತನಾಡಿಸುತ್ತಿದ್ದಳು. ಅಂದು ಮಾತನಾಡಿಸಲಿಲ್ಲ, ಕೈಬೀಸಿ ಕರೆದಳು.

ಗದ್ದೆ ನೋಡಿ ನಿಂತುಬಿಟ್ಟೆ. ಅಕ್ಕಪಕ್ಕದ ಭತ್ತ ಗಿಳಿಹಸಿರಾಗಿದ್ದರೆ ಆಯಮ್ಮನದು ಕಪ್ಪಿಟ್ಟ ಹಸಿರು. ಮೊಣಕಾಲೆತ್ತರಕ್ಕಿಂತ ಹೆಚ್ಚು ಬೆಳೆದು ಮೆತ್ತಗಾಗಿ, ನಡುನಡುವೆ ಯಾರೋ ಹೊರಳಾಡಿ ಎದ್ದಂತೆ ಮಲಗಿತ್ತು. ಒಂದು ಗರಿ ಕಿತ್ತು ನೋಡಿದೆ. ಕಣ್ಣಿನಾಕಾರದ ಮಚ್ಚೆಗಳು, ನಡುವೆ ಬೂದಿ ಬಣ್ಣ. ಬೆಂಕಿ ರೋಗ. ಸಾರಜನಕ ಅತಿಯಾದ ಭತ್ತವನ್ನು ಅದು ಮೊದಲು ಹಿಡಿಯುತ್ತದೆ.

“ಎಷ್ಟು ಬಿಟ್ಟೀರವ್ವ ಗುಂಡಿ ನೀರು?”

“ಮೊದಲಿಗಿಂತ ಅರ್ಧ ಜಾಸ್ತಿ. ನಿಮ್ಮ ದೊಡ್ಡ ಸಾಹೇಬ್ರು ಫೋನಿನ್ಯಾಗ ಹೇಳಿದ್ರು, ಸತ್ವ ಕಮ್ಮಿ ಆಗೇತಿ, ಇನ್ನೂ ಬಿಡ್ರಿ ಅಂತ. ಯಾರು ಹೇಳಿದ್ದು ಅಂತ ಕೇಳಿದೆ. ಹೊಸಾ ಮೇಡಂ ಕಂಡುಹಿಡದಾರ ಅಂದ್ರು. ಮಿಲ್ಲಿನ ಮನಿ ಮಗಳಲ್ಲೇನು, ಆ ಹುಡುಗಿ ಸುಳ್ಳು ಹೇಳಂಗಿಲ್ಲ ಅಂತ ಬಿಟ್ಟೆ. ಈಗ ನೋಡು ಹಿಂಗಾತು. ಮಲಗಿದ್ದು ಕೊಯ್ಲಿನ ಮಷೀನಿಗೆ ಸಿಗಂಗಿಲ್ಲ. ಯಾಕವ್ವ ಹಿಂಗಾತು? ನೀನು ಭಾಳ ವರ್ಷದಿಂದ ಬರ್ತೀಯಲ್ಲ, ನೀ ಹೇಳು.”

ನಾನು ಗರಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತೆ. ಆ ಹೊತ್ತಿನಲ್ಲೂ ನನ್ನ ತಲೆಗೆ ಮೊದಲು ಬಂದದ್ದು ಗದ್ದೆಯಲ್ಲ. ಹದಿನಾಲ್ಕು ವರ್ಷ ಬಂದವಳು ನಾನು, ಈಯಮ್ಮ ನಂಬಿದ್ದು ಆಕೆಯನ್ನು, ಎಂಬುದು. ಇಷ್ಟು ಹೊಲಸಾಗಿ ಯೋಚಿಸುವವಳು ನಾನೇ ಹೌದೋ ಎಂದು ನಾಚಿಕೆಯಾಯಿತು. ಸಭೆ ನಡೆದು ಕರಪತ್ರ ಹಂಚಿದರೆ ಇಂಥ ಗದ್ದೆ ಒಂದಲ್ಲ, ಕಾಲುವೆಯ ಉದ್ದಕ್ಕೂ ಆಗುತ್ತದೆ.

“ಇನ್ನ ಒಂದು ಹನಿ ಸೈತ ಬಿಡಬ್ಯಾಡ್ರಿ,” ಎಂದೆ. “ಯಾಕಂತ ನಾಳೆ ಹೇಳಿಸ್ತೀನಿ.”

ಮರುದಿನ ಬೆಳಿಗ್ಗೆ ಆಕೆ ಬರುವ ಮೊದಲೇ ಆಕೆಯ ಮೇಜಿನ ಎದುರು ಕುಳಿತಿದ್ದೆ. ಆಮ್ಲದ ಶೀಷೆ, ಸುಟ್ಟ ಸೀಟು, ಸಿಡಿದ ಮುಚ್ಚಳ, ಜೀಪಿನ ದಾರಿ, ಎಲ್ಲವನ್ನೂ ಹೇಳಿದೆ. ಗ್ರಾಫನ್ನು ಬಿಡಿಸಿ ಗೆರೆಗಳ ಕ್ರಮ ತೋರಿಸಿದೆ. ಆಕೆಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು.

“ಇದು ನಿಮಗ ಯಾವಾಗ ಗೊತ್ತಾತ್ರಿ?”

“ಗ್ರಾಫ್ ತೋರಿಸಿದ್ರಲ್ಲ, ಅದರ ಮರುದಿನ.”

“ನಾ ಬಂದು ಕೇಳಿದ್ನಲ್ಲ ನಿಮ್ಮನ್ನ. ನಿಮ್ಮ ಬಾಜೂಕ ಕುಂತು ಕೇಳಿದ್ದೆ.”

“ಹೌದ್ರಿ.”

“ಯಾಕ ಹೇಳಲಿಲ್ಲ?”

ಭಯವಾಗಿತ್ತು ಎನ್ನಬಹುದಿತ್ತು. ಮರೆತಿದ್ದೆ ಎನ್ನಬಹುದಿತ್ತು. ಎರಡನ್ನೂ ಆಕೆ ಒಪ್ಪಿಕೊಳ್ಳುತ್ತಿದ್ದಳು. “ನಿಮ್ಮ ಮ್ಯಾಲೆ ಹೊಟ್ಟಿಕಿಚ್ಚು ಇತ್ರಿ,” ಎಂದೆ. “ನೀವು ಬೀಳಲಿ ಅಂತ ಸುಮ್ನಿದ್ದೆ.”

ಆಕೆ ಗ್ರಾಫನ್ನು ಮಡಚಿಟ್ಟಳು. ಆಮೇಲೆ ಮಾಡಿದ ಮೊದಲ ಕೆಲಸ ಕಂಪ್ಲಿಯ ಆಯಮ್ಮನಿಗೆ ಫೋನು. ಗದ್ದೆಯ ನೀರು ಬಸಿಯಿರಿ, ಯೂರಿಯಾ ಮುಟ್ಟಬೇಡಿ, ರೋಗಕ್ಕೆ ಔಷಧಿ ಹೊಡೆಯುವುದನ್ನು ಇವತ್ತೇ ಕೃಷಿ ಆಫೀಸಿನಲ್ಲಿ ಕೇಳಿ, ಎಂದಳು. “ತಪ್ಪು ನಮ್ಮದವ್ವ. ಭೆಟ್ಟಿಯಾಗಿ ಹೇಳ್ತೀನಿ,” ಎಂದಳು. ನಮ್ಮದು ಎಂದಳು. ಅದು ಕೇಳಿ ನನಗೆ ಹಿತವಾಗಲಿಲ್ಲ. ನನ್ನ ತಪ್ಪಿನಲ್ಲೂ ಪಾಲು ತೆಗೆದುಕೊಂಡು ದೊಡ್ಡವಳಾದಳಲ್ಲ ಎನಿಸಿತು.

ಮುಖ್ಯಸ್ಥರ ಕೋಣೆಗೆ ಇಬ್ಬರೂ ಹೋದೆವು. ಅವರು ಕೇಳುತ್ತ ಕೇಳುತ್ತ ಕೆಂಪಗಾದರು. ಕರಪತ್ರ ಮುದ್ರಣಕ್ಕೆ ಹೋಗಿತ್ತು.

“ಈಗ ಹೇಳ್ತೀರಿ? ಸಭೆಗೆ ಹತ್ತು ದಿನ ಐತಿ. ಅದೊಂದು ಮುಗೀಲಿ, ಆಮ್ಯಾಲೆ ಸಾವಕಾಶ ನೋಡೋಣು.”

“ಆ ಗದ್ದಿ ನಾನು ಕಣ್ಣಾರೆ ನೋಡಿ ಬಂದೀನ್ರಿ ಸರ್,” ಎಂದೆ. “ಸಭೆ ಆದ್ರ ಅಂಥಾವು ಇನ್ನೂ ಭಾಳ ಆಗ್ತಾವು. ಏನ್ ಬರಕೊಡಬೇಕು ಬರಕೊಡ್ತೀನಿ. ತಪ್ಪು ನಂದ ಅಂತ.”

“ಸಭೆ ಬ್ಯಾಡನ್ನಂಗಿಲ್ಲ ಸರ್,” ಎಂದಳು ಆಕೆ. “ಹತ್ತು ದಿನ ಕೊಡ್ರಿ. ಅಳದು ತೋರಿಸ್ತೀವಿ. ಅಳದಿದ್ದನ್ನ ಹೇಳೋಣು.”

ಅವರು ನನ್ನಿಂದ ಒಂದು ಪುಟ ಬರೆಸಿಕೊಂಡರು. ಅದು ನನ್ನ ಸೇವಾ ಕಡತದಲ್ಲಿ ಇಂದಿಗೂ ಇದೆ. ಹತ್ತು ದಿನವೂ ಸಿಕ್ಕಿತು.

ಆಕೆ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅಕ್ಕಾ ಎನ್ನುವುದೂ ನಿಂತಿತ್ತು. ಯೋಜನೆ ಸರಳವಾಗಿತ್ತು. ಪ್ರತಿ ಗುಂಡಿಯಿಂದ ಜೋಡಿ ಬಾಟಲಿ. ಒಂದಕ್ಕೆ ಆಮ್ಲ, ಬಿಗಿ ಮುಚ್ಚಳ, ಐಸ್. ಇನ್ನೊಂದು ನನ್ನ ಏಳು ವರ್ಷದ ರೀತಿಯಲ್ಲೇ, ಸಡಿಲ ಮುಚ್ಚಳದೊಂದಿಗೆ ಜೀಪಿನ ಬಿಸಿಯಲ್ಲಿ. ಎರಡರ ವ್ಯತ್ಯಾಸವೇ ದಾರಿಯಲ್ಲಿ ಹಾರಿದ ಸಾರಜನಕ. ಆಮ್ಲವೆಂದ ಕೂಡಲೇ ಡ್ರೈವರಣ್ಣ ಕೈಮುಗಿದ. ಮರದ ಪೆಟ್ಟಿಗೆಗೆ ಮರಳು ತುಂಬಿ, ಶೀಷೆಯನ್ನು ಅದರಲ್ಲಿ ಕುತ್ತಿಗೆವರೆಗೆ ಹೂತು ತೋರಿಸಿದ ಮೇಲೆ ಒಪ್ಪಿದ. ಇಷ್ಟು ಸುಲಭದ ಉಪಾಯ ಏಳು ವರ್ಷ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಆಕೆಗೆ.

ಮೊದಲ ಸುತ್ತು ಹಾಳಾಯಿತು. ಮರುದಿನ ಬಟ್ಟಿ ಇಳಿಸಿ ನೋಡಿದರೆ ಅಂಕಿಗಳು ತಲೆಕೆಳಗಾಗಿದ್ದವು. ಪಾಪಿನಾಯಕನಹಳ್ಳಿಯ ಜೋಡಿಯಲ್ಲಿ ಆಮ್ಲ ಹಾಕಿದ್ದರಲ್ಲೇ ಸಾರಜನಕ ಕಡಿಮೆ. ಆಕೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. “ಹಂಗಾದ್ರ ನಾವು ಅಂದುಕೊಂಡಿದ್ದ ತಪ್ಪಾ?”

ನನಗೆ ಕಾರಣ ಗೊತ್ತಿತ್ತು. ಅಂದು ಬಾಟಲಿ ತುಂಬಿದವಳು ಆಕೆ. ನಾನು ಆಮ್ಲದ ಹನಿ ಎಣಿಸುತ್ತಿದ್ದೆ. ಗುಂಡಿಯನ್ನು ಕಲಕದೆ ಒಂದು ಬಾಟಲಿಯನ್ನು ಮೇಲಿನ ತಿಳಿಯಿಂದ, ಇನ್ನೊಂದನ್ನು ಕೊಂಚ ಆಳದಿಂದ ತುಂಬಿದ್ದಳು. ಸಾರಜನಕದ ಒಂದು ಪಾಲು ತಳದ ಕೆಸರಿನಲ್ಲಿರುತ್ತದೆ. ಒಂದೇ ಬಕೆಟ್ಟಿಗೆ ಮೊಗೆದು, ಚೆನ್ನಾಗಿ ಕಲಕಿ, ಅದರಿಂದ ಎರಡೂ ಬಾಟಲಿ ತುಂಬಬೇಕು. ಹೇಳಲು ಬಾಯಿ ತೆರೆಯುವ ಮೊದಲು ಒಂದು ಕ್ಷಣ ಸುಮ್ಮನಿದ್ದೆ. ಡಾಕ್ಟರೇಟ್ ಪಡೆದವಳಿಗೆ ಇದು ಗೊತ್ತಿಲ್ಲ ಎಂಬ ಆ ಒಂದು ಕ್ಷಣದ ರುಚಿಯನ್ನು ನಾನು ಬಿಟ್ಟುಕೊಡಲಿಲ್ಲ. ಆಮೇಲೆ ಹೇಳಿದೆ.

ಆಕೆ ಕಣ್ಣು ತೆರೆದಳು. “ಇದನ್ನ ಹೇಳಾಕ ಮತ್ತ ಇಪ್ಪತ್ತು ದಿನ ತಗೊಳ್ಳಲಿಲ್ಲಲ್ಲ ನೀವು. ಚಲೋ ಆತು,” ಎಂದಳು.

ಚುಚ್ಚಿದ್ದು ಸರಿಯಾದ ಜಾಗಕ್ಕೇ. ಆದರೆ ಆ ಮಾತಿನ ನಂತರ ನಮ್ಮ ನಡುವೆ ಉಸಿರಾಡಲು ಸ್ವಲ್ಪ ಜಾಗವಾಯಿತು.

ಎರಡನೇ ಸುತ್ತಿನಲ್ಲಿ ಬಕೆಟ್ಟು ನನ್ನ ಕೈಯಲ್ಲಿತ್ತು. ಬಿಸಿಲು ಎಷ್ಟಿತ್ತೆಂದರೆ ಕಡ್ಡಿರಾಂಪುರದ ಹತ್ತಿರ ರಸ್ತೆಬದಿಯ ಹೋಟೆಲಿನಲ್ಲಿ ನಿಂತು ಐಸ್ ಬದಲಿಸಬೇಕಾಯಿತು. ಆಕೆ ಮರಳಿನ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮರುದಿನ ನಾನು ಬ್ಯುರೆಟ್ಟಿನ ಮುಂದೆ, ಆಕೆ ಪಕ್ಕದಲ್ಲಿ ಬರೆದುಕೊಳ್ಳುತ್ತ. ಸಂಡೂರಿನ ಜೋಡಿಯಲ್ಲಿ ಸಡಿಲ ಮುಚ್ಚಳದ ಬಾಟಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಸಾರಜನಕ ಕಳೆದುಕೊಂಡಿತ್ತು. ಪಾಪಿನಾಯಕನಹಳ್ಳಿಯದು ಅದಕ್ಕಿಂತ ಕಡಿಮೆ, ಕಡ್ಡಿರಾಂಪುರದ್ದು ಇನ್ನೂ ಕಡಿಮೆ, ಕಂಪ್ಲಿಯದು ಎಲ್ಲಕ್ಕಿಂತ ಕಡಿಮೆ. ಗ್ರಾಫಿನ ಅದೇ ಕ್ರಮ. ಇನ್ನೆರಡು ಸುತ್ತು ಮಾಡಿದೆವು, ಕ್ರಮ ಬದಲಾಗಲಿಲ್ಲ.

ಆಮ್ಲ ಹಾಕಿದ ಬಾಟಲಿಗಳ ಅಂಕಿಗಳನ್ನು ಮೊದಲ ಏಳು ವರ್ಷದವುಗಳ ಪಕ್ಕ ಇಟ್ಟು ನೋಡಿದೆವು. ಮೂರು ಊರುಗಳಲ್ಲಿ ಅಂದಿಗೂ ಇಂದಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕಂಪ್ಲಿಯಲ್ಲಿ ಮಾತ್ರ ಸಾರಜನಕ ಸ್ವಲ್ಪ ಏರಿತ್ತು. ಸಡಿಲ ಮುಚ್ಚಳ ಆ ಏರಿಕೆಯನ್ನೂ ಮುಚ್ಚಿಹಾಕಿತ್ತು. ಶೆಡ್ಡಿನವನನ್ನು ಕೇಳಿದಾಗ, ಹೋಟೆಲಿನ ಉಳಿದ ಅನ್ನ ಹಾಕುವುದನ್ನು ಬಿಟ್ಟು ಕೆಲವು ವರ್ಷಗಳಿಂದ ಚೀಲದ ತಿಂಡಿ ಹಾಕುತ್ತಿದ್ದೇನೆ ಎಂದ. ಸೋಯಾ ಹಿಂಡಿ ಹೆಚ್ಚಿರುವ ತಿಂಡಿ. ಹಂದಿಯ ಮೈಗೆ ಹತ್ತದೆ ಉಳಿದ ಸಾರಜನಕ ಗುಂಡಿಗೆ ಬರುತ್ತದೆ. ಎಲ್ಲಿ ಹೆಚ್ಚು ಬಿಡಿ ಎಂದು ನಾವು ಹೇಳಹೊರಟಿದ್ದೆವೋ ಅಲ್ಲಿ ಕಡಿಮೆ ಬಿಡಿ ಎನ್ನಬೇಕಿತ್ತು.

ನಡುವಿನ ಏಳು ವರ್ಷದ ಅಂಕಿಗಳನ್ನು ಲೆಕ್ಕ ಹಾಕಿ ತಿದ್ದಬಹುದಲ್ಲ ಎಂದು ಮುಖ್ಯಸ್ಥರು ಕೇಳಿದರು. ಆಕೆ ಒಪ್ಪಲಿಲ್ಲ. ಯಾವ ದಿನ ಎಷ್ಟು ಬಿಸಿಲಿತ್ತು, ಬಾಟಲಿ ಎಷ್ಟು ಗಂಟೆ ಕಾದಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಇದ್ದದ್ದನ್ನು ಇದ್ದಂತೆ ಚುಕ್ಕಿಗೆರೆಯಲ್ಲಿ ಬಿಡೋಣ, ಕಾರಣ ಬರೆಯೋಣ ಎಂದಳು. ನನ್ನ ಏಳು ವರ್ಷ ಚುಕ್ಕಿಗಳಾದವು.

ಕಂಪ್ಲಿಯ ಸಭೆಯಲ್ಲಿ ಮೊದಲು ನಾನೇ ಮಾತನಾಡಿದೆ. ಹಾಗೆಂದು ಕೇಳಿಕೊಂಡವಳು ನಾನು. ಮೈಕು ಕಿರುಚಿತು, ಅಮೋನಿಯಾ ಎಂದರೇನೆಂದು ಹೇಳುವಷ್ಟರಲ್ಲಿ ಹಿಂದಿನ ಸಾಲಿನವರು ಮಾತಿಗೆ ತೊಡಗಿದ್ದರು. ಹೇಳಬೇಕಾದದ್ದನ್ನು ಮಾತ್ರ ಹೇಳಿ ಮುಗಿಸಿದೆ: ಅಳತೆ ತಪ್ಪಿತ್ತು, ತಪ್ಪು ನನ್ನ ಬಾಟಲಿಯದು, ಇಪ್ಪತ್ತು ದಿನ ಗೊತ್ತಿದ್ದೂ ಹೇಳಲಿಲ್ಲ.

ಕಪ್ಪಿಟ್ಟ ಗದ್ದೆಯ ಆಯಮ್ಮ ಎದ್ದು ನಿಂತಳು. ನೀರು ಬಸಿದು ಔಷಧಿ ಹೊಡೆದದ್ದರಿಂದ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು; ಮಲಗಿದ್ದು ಏಳಲಿಲ್ಲ.

“ಅಂದ್ರ ನಿನ್ನ ಬಾಟಲಿ ಮುಚ್ಚಳಕ್ಕ ನನ್ನ ಭತ್ತ ಮಲಗೇತಿ ಅಂದಂಗಾತು?”

“ಹೌದವ್ವ.”

“ಇಷ್ಟ ಮಂದಿ ಮುಂದ ಹೇಳಾಕ ಬಂದೀಯಲ್ಲ, ಅವತ್ತ ಬದುವಿನ ಮ್ಯಾಲೆ ನಾ ಒಬ್ಬಾಕಿನ ಕೇಳಿದಾಗ ಯಾಕ ಹೇಳಲಿಲ್ಲ?”

ನಾನು ಮೈಕನ್ನು ಮೇಜಿನ ಮೇಲಿಟ್ಟೆ. ಆಯಮ್ಮ ಕುಳಿತುಕೊಂಡಳು. ನಂತರ ನನ್ನ ಪಕ್ಕದಿಂದ ಎದ್ದು ಆಕೆ ಮಾತನಾಡಿದಳು. ಕಂಪ್ಲಿಯ ರಾಗದಲ್ಲಿ, ಬಕೆಟ್ಟಿನ ಲೆಕ್ಕದಲ್ಲಿ, ಯಾವ ಬೆಳೆಗೆ ಯಾವಾಗ ಎಷ್ಟು ಎಂದು ಎಲ್ಲರಿಗೂ ತಿಳಿಯುವಂತೆ. ಹಿಂದಿನ ಸಾಲಿನವರೂ ಕಿವಿಗೊಟ್ಟರು, ಕೊನೆಗೆ ಚಪ್ಪಾಳೆ ಬಿತ್ತು. ನಾನು ಕಲಿತರೂ ಹಾಗೆ ಹೇಳಲಾರೆ ಎಂದು ಅಂದು ಖಚಿತವಾಯಿತು. ಹೊಟ್ಟೆ ಉರಿಯಿತು, ಚಪ್ಪಾಳೆಯನ್ನೂ ತಟ್ಟಿದೆ.

ಮರುವರ್ಷ ಆಕೆಗೆ ಬೇರೆ ಊರಿನ ವಿಚಾರ ಸಂಕಿರಣವೊಂದರಲ್ಲಿ ಈ ಗ್ರಾಫ್ ತೋರಿಸಲು ಕರೆ ಬಂತು. ವರದಿಯಲ್ಲಿ ನನ್ನ ಹೆಸರನ್ನೂ ಆಕೆ ಸೇರಿಸಿದ್ದಳು, ಎರಡನೆಯದಾಗಿ. ಮೊದಲನೆಯದಾಗಿ ಏಕಿಲ್ಲ ಎಂದು ಒಂದು ವಾರ ಮನಸ್ಸಿನಲ್ಲೇ ಜಗಳವಾಡಿ ಬಿಟ್ಟಿದ್ದೆ. ಸಂಕಿರಣದ ದಿನವೇ ಮಾದರಿಯ ಸರದಿಯೂ ಬಿದ್ದಿತ್ತು. ಮಧ್ಯಾಹ್ನ ಕಡ್ಡಿರಾಂಪುರದ ಗುಂಡಿಯ ಪಕ್ಕ ಬಕೆಟ್ಟು ಹಿಡಿದು ನಿಂತಿದ್ದಾಗ ಫೋನು ಬಂತು.

“ಅಕ್ಕಾ, ಮುಗೀತ್ರಿ. ಭಾಳ ಮಂದಿ ಪ್ರಶ್ನೆ ಕೇಳಿದ್ರು. ಎಲ್ಲಾರೂ ಆ ಚುಕ್ಕಿಗೆರಿ ಮ್ಯಾಲೇ ಕೇಳಿದ್ರು ನೋಡ್ರಿ.”

“ಏನಂದ್ರಿ?”

“ಆದದ್ದು ಆದಂಗ ಹೇಳ್ದೆ. ಪೂರ್ತಿ ಸಭಾಂಗಣ ಸುಮ್ನ ಕೂತು ಕೇಳ್ತು.”

ಗಾಜಿನ ಕೋಣೆ, ತಣ್ಣನೆ ಗಾಳಿ, ಸಾಲುಸಾಲು ಕುರ್ಚಿ, ನೀಲಿ ಸೀರೆ, ಎಲ್ಲ ಕಣ್ಣ ಮುಂದೆ ಬಂತು. ನನ್ನ ತಪ್ಪನ್ನೂ ನನಗಿಂತ ಚೆನ್ನಾಗಿ ಆಕೆಯೇ ಹೇಳಿದ್ದಳು. ನನ್ನ ಕಾಲಿನ ಹತ್ತಿರ ಹಂದಿಯೊಂದು ಜಾಲರಿಗೆ ಮೂತಿ ಉಜ್ಜುತ್ತಿತ್ತು.

“ಅಕ್ಕಾ, ಕೇಳಸ್ತದೇನ್ರಿ? ಇಲ್ಲೊಬ್ರು ತಮ್ಮ ಲ್ಯಾಬಿನ್ಯಾಗೂ ಇಂಥಾದ್ದ ಆಗಿರಬೇಕು ಅಂತಾರ. ನಿಮ್ಮ ಜೋಡಿ ಮಾತಾಡಬೇಕಂತ. ನಂಬರ್ ಕೊಡ್ಲೇನ್ರಿ?”

“ಕೊಡ್ರಿ,” ಎಂದೆ. “ಆದ್ರ ಸಂಜಿಗೆ ಮಾಡ್ಲಿಕ್ಕೆ ಹೇಳ್ರಿ. ಬಾಟಲಿ ಲ್ಯಾಬ್ ಮುಟ್ಟೋತನಕ ನಾ ಯಾರ ಫೋನೂ ಎತ್ತಂಗಿಲ್ಲ.”